ಅವ್ವನ ಹಿಟ್ಟಿನುಂಡೆ, ಸುಮಿತ್ರಾಳ ಗಾಳ

ನಾನು ಮೀನು ತಿಂದವನಲ್ಲ. ಹಿಡಿದವನೂ ಅಲ್ಲ, ಒಮ್ಮೆ ಹಿಡಿಯಲು ಹೋಗಿ ನನ್ನ ಅಂಗಿಯ ತೋಳನ್ನೇ ಗಾಳಕ್ಕೆ ಸಿಕ್ಕಿಸಿಕೊಂಡವನು. ಆದರೂ ಮಳೆ ನಿಂತು, ಬಿಸಿಲಿಗೆ ಒಗೆದ ಬಟ್ಟೆಯ ಹೊಳಪು ಬಂದು, ಸಂಜೆಯ ಗಾಳಿಯಲ್ಲಿ ಚಳಿಯ ಮೊದಲ ಸುಳಿವು ಸಿಕ್ಕಿತೆಂದರೆ ನನಗೆ ಮೀನು ನೆನಪಾಗುತ್ತದೆ. ಶರದೃತುವಿನಲ್ಲಿ ಉಳಿದವರಿಗೆ ಬೆಳದಿಂಗಳು, ಬಿಳಿ ಮೋಡ, ಹಬ್ಬದ ಫರಾಳದ ತಿಂಡಿ. ನನಗೆ ಒಂದು ಗಾಳ ಮತ್ತು ಒಂದು ಹಿಟ್ಟಿನ ಡಬ್ಬಿ.

ಈ ನೆನಪನ್ನು ಎಷ್ಟು ನಂಬಬಹುದು ಎಂದು ನೀವು ಕೇಳುವ ಮೊದಲೇ ನಾನು ಕೇಳಿಕೊಂಡಿದ್ದೇನೆ. ಕಾಲೇಜಿನ ದಿನಗಳಿಂದ ದಿನಚರಿ ಬರೆಯುವ ಚಟ ನನಗಿದೆ. ತೆಗೆದು ನೋಡಿದರೆ ಆ ದಿನಕ್ಕೆ ಬರೆದದ್ದು ಇಷ್ಟೇ: “ಅಣೆಕಟ್ಟಿಗೆ ಹೋಗಿದ್ದೆವು. ಬಿಸಿಲು ಜಾಸ್ತಿ. ಅಂಗಿ ಹರಿಯಿತು.” ಬದುಕು ತನ್ನ ಒಳ್ಳೆಯ ಘಳಿಗೆಯನ್ನು ಮುಂದೆ ತಂದಿಟ್ಟಾಗ ದಿನಚರಿಕಾರನ ಕಣ್ಣು ಅಂಗಿಯ ಮೇಲಿರುತ್ತದೆ. ಉಳಿದದ್ದನ್ನೆಲ್ಲ ತಲೆಯಿಂದಲೇ ತೆಗೆದು ಬರೆಯಬೇಕು. ತಲೆಯಲ್ಲಿಟ್ಟ ಮೀನಿನ ಗುಣ ನಿಮಗೆ ಗೊತ್ತೇ ಇದೆ, ಪ್ರತಿ ಸಲ ಹೊರಗೆ ತೆಗೆದಾಗಲೂ ಒಂದು ಬೆರಳು ಬೆಳೆದಿರುತ್ತದೆ.

ಅರವತ್ತರ ದಶಕದ ಕೊನೆಯ ವರ್ಷಗಳು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ನಾನು ಎಂಜಿನಿಯರ್. ನಾಸಿಕದಲ್ಲಿ ಗೋದಾವರಿಗೆ ಹತ್ತಿರವಾದ ಒಂದು ಹಳೆಯ ವಾಡೆಯಲ್ಲಿ ಎರಡು ಕೋಣೆ ಹಿಡಿದು ನಾನು, ಅವ್ವ, ಹೆಂಡತಿ ಸುಮಿತ್ರಾ ಇದ್ದೆವು. ನಾವು ಧಾರವಾಡದ ಕಡೆಯವರು. ಚಾತುರ್ಮಾಸ ಬಂತೆಂದರೆ ಉಳ್ಳಾಗಡ್ಡಿಯನ್ನೂ ಮನೆಯಿಂದ ಹೊರಗಿಡುವ ಪೈಕಿ. ಸುಮಿತ್ರಾ ಕಾರವಾರದ ಸಮುದ್ರದಂಡೆಯ ಹುಡುಗಿ. ಮೀನಿಲ್ಲದ ಊಟವನ್ನು ಅವಳ ತವರಿನಲ್ಲಿ ಉಪವಾಸ ಎಂದೇ ಕರೆಯುತ್ತಾರೆ. ಧಾರವಾಡದಲ್ಲಿ ಇಬ್ಬರೂ ಕಾಲೇಜಿನಲ್ಲಿ ಓದುವಾಗ ನಮ್ಮ ಪರಿಚಯ. ಮದುವೆಯ ಮಾತು ಬಂದಾಗ ಅವ್ವ ಅವಳನ್ನು ಮೇಲಿನಿಂದ ಕೆಳಗೆ ನೋಡಿ ಹೇಳಿದ್ದು ಎರಡೇ ವಾಕ್ಯ.

“ಹುಡುಗಿ ಛಲೋ ಇದ್ದಾಳ. ಮೀನೊಂದು ಬಿಡಬೇಕು.”

ಸುಮಿತ್ರಾ ಯೋಚನೆಯನ್ನೇ ಮಾಡಲಿಲ್ಲ. “ನೀವು ನಮ್ಮ ಜೋಡಿ ಇರೂತನಕ ಮುಟ್ಟೂದಿಲ್ರೀ,” ಎಂದುಬಿಟ್ಟಳು.

ಪ್ರೀತಿಯ ಭರದಲ್ಲಿ ಮನುಷ್ಯರು ಏನೇನೋ ಬಿಟ್ಟುಕೊಡುತ್ತಾರೆ. ಬಿಟ್ಟದ್ದರ ತೂಕ ಗೊತ್ತಾಗುವುದು ಆಮೇಲೆ, ಅದರದೇ ಋತು ಬಂದಾಗ. ಸುಮಿತ್ರಾಳಿಗೆ ವರ್ಷದ ಹತ್ತು ತಿಂಗಳು ಏನೂ ತೊಂದರೆ ಇರಲಿಲ್ಲ. ಅವ್ವನಿಗಿಂತ ತೆಳ್ಳಗೆ ಜೋಳದ ಭಕ್ರಿ ತಟ್ಟುವುದನ್ನು ಕಲಿತಿದ್ದಳು. ಅವ್ವನ ಧಾರವಾಡ ಮಾತನ್ನೂ ಕಲಿತು, ತವರಿನವರಿಂದ ನಗೆಗೀಡಾಗಿದ್ದಳು. ಆದರೆ ಮಳೆಗಾಲ ಮುಗಿದು ಗಾಳಿ ತಿರುಗಿತೋ, ಹುಡುಗಿ ಮಾತು ಕಡಿಮೆ ಮಾಡುತ್ತಿದ್ದಳು. ತಟ್ಟೆಯಲ್ಲಿ ಅರ್ಧ ಭಕ್ರಿ ಉಳಿಯುತ್ತಿತ್ತು. ಸಂಜೆ ಗ್ಯಾಲರಿಯಲ್ಲಿ ನಿಂತು ಪಶ್ಚಿಮಕ್ಕೆ ಮುಖ ಮಾಡಿ ಮೂಗರಳಿಸುತ್ತಿದ್ದಳು. ಅಲ್ಲಿಂದ ಬರುತ್ತಿದ್ದದ್ದು ಪಕ್ಕದ ಮನೆಯವರು ಹಪ್ಪಳ ಸುಡುವ ವಾಸನೆ.

ಆಗ ಕಾರವಾರದಲ್ಲಿ ಏನು ನಡೆಯುತ್ತಿರುತ್ತದೆ ಎಂದು ಅವಳು ನನಗೆ ಹೇಳಿದ್ದಳು. ಮಳೆಗೆ ಕದಡಿದ ಕಡಲು ತಿಳಿಯಾಗುತ್ತದೆ. ಆ ಕಡೆಯವರು ಚೊಣಕ ಎನ್ನುವ ದೊಡ್ಡ ಮೀನು ಸಮುದ್ರ ಬಿಟ್ಟು ಕಾಳಿ ನದಿಯ ಬಾಯಿಗೆ ಬರುತ್ತದೆ. ಶಾಲಾಮಾಸ್ತರರಾಗಿದ್ದ ಅವಳ ತಂದೆ ಶಾಲೆ ಬಿಟ್ಟೊಡನೆ ಗಾಳ ಹಿಡಿದು ಬಂಡೆಗಳ ಮೇಲೆ ಹೋಗಿ ನಿಲ್ಲುತ್ತಿದ್ದರು, ಮಗಳು ಪಕ್ಕದಲ್ಲಿ. ಉಬ್ಬರದ ನೀರು ಕಾಲಿಗೆ ತಾಗುವವರೆಗೆ ಇಬ್ಬರೂ ಮಾತಾಡುತ್ತಿರಲಿಲ್ಲವಂತೆ. ಮೀನಿಗೆ ಕೇಳಿಸುತ್ತದೆ ಎಂದಲ್ಲ, ಮಾತಿನ ಅಗತ್ಯವೇ ಬೀಳುತ್ತಿರಲಿಲ್ಲ. ಇದನ್ನು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು. ನನ್ನ ಜೊತೆ ಅವಳು ಸುಮ್ಮನಿದ್ದಾಗಲೆಲ್ಲ ನಾನು ಗಾಬರಿಯಾಗಿ ಏನಾದರೂ ಮಾತಾಡಿಬಿಡುತ್ತಿದ್ದೆ.

ಬಸ್ ನಿಲ್ದಾಣದ ಬಳಿ ಕುಂದಾಪುರದ ಕಡೆಯ ಶೆಟ್ಟರೊಬ್ಬರ ಹೋಟೆಲಿತ್ತು. ಬಾಗಿಲ ಮೇಲೆ ದೊಡ್ಡ ಅಕ್ಷರದಲ್ಲಿ ‘ಶುದ್ಧ ಶಾಕಾಹಾರಿ’. ಆ ಫಲಕ ಹೋಟೆಲಿನ ಗುಣವನ್ನು ಹೇಳುತ್ತದೆಯೇ ಹೊರತು ಮಾಲೀಕರ ಗುಣವನ್ನಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು. ವಾರದ ರಜೆಯ ದಿನ ಶೆಟ್ಟರು ಗಂಗಾಪುರದ ಅಣೆಕಟ್ಟಿಗೆ ಹೋಗಿ ಗಾಳ ಹಾಕುತ್ತಿದ್ದರು. ಬಿಡಿಸಿ ಮಡಚುವ ಗಾಳದ ಕೋಲನ್ನು ಕೊಡೆಯ ಚೀಲದಲ್ಲಿ ಅಡಗಿಸಿ ಒಯ್ಯುತ್ತಿದ್ದರು. ಸುಡುಬಿಸಿಲಿನಲ್ಲೂ ಕೊಡೆ ಬಿಡದ ಅವರನ್ನು ಗಿರಾಕಿಗಳು ಬಹಳ ಮುಂಜಾಗ್ರತೆಯ ಮನುಷ್ಯ ಎಂದು ಹೊಗಳುತ್ತಿದ್ದರು.

ನನ್ನ ಸಂಕಟ ಕೇಳಿ ಶೆಟ್ಟರು ನಕ್ಕರು. “ಅದಕ್ಕೆ ಎಂತ ಚಿಂತೆ ಮಾರಾಯ್ರೆ? ಅವರನ್ನು ನಮ್ಮ ಮನೆಗೆ ಕಳಿಸಿ. ತಿಂದು, ಬಾಯಿ ತೊಳೆದು, ಎಲೆಅಡಿಕೆ ಹಾಕಿ ಬರ್ಲಿ. ಯಾರಿಗೆ ಗೊತ್ತಾಗ್ತದೆ?”

ಸುಮಿತ್ರಾಳಿಗೆ ಹೇಳಿದೆ. ಅವಳು ನನ್ನನ್ನು ದುರುಗುಟ್ಟಿ ನೋಡಿದಳು.

“ಕದ್ದು ತಿನ್ನೂದಿದ್ರ ಮಾತು ಯಾಕ ಕೊಡಬೇಕಾಗಿತ್ತು? ನನಗ ಮೀನು ಬ್ಯಾಡ್ರೀ. ನೀರಿನ ದಂಡಿಗೆ ಗಾಳ ಹಿಡದು ಒಂದ್ ತಾಸು ನಿಂತ್ರ ಸಾಕು. ಸಿಕ್ರ ಬಿಟ್ಟುಬಿಡ್ತೀನಿ. ಅದೂ ಅತ್ತಿ ಹೂಂ ಅಂದ್ರ.”

ಅವ್ವನನ್ನು ಕೇಳುವ ಕೆಲಸ ನನ್ನ ಪಾಲಿಗೆ ಬಂತು. ಅವ್ವ ಹತ್ತಿಬತ್ತಿ ಹೊಸೆಯುವುದನ್ನು ನಿಲ್ಲಿಸದೆ, “ಬಿಡೂದಿದ್ರ ಹಿಡಿಯೂದ್ಯಾಕ?” ಎಂದಳು. ತತ್ತ್ವಶಾಸ್ತ್ರದ ಯಾವ ಪ್ರಾಧ್ಯಾಪಕನೂ ಉತ್ತರಿಸಲಾರದ ಪ್ರಶ್ನೆ. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಅವಳೇ, “ನಾನೂ ಬರ್ತೀನಿ. ಹೊಳಿ ಘಾಟಿನ ಮ್ಯಾಲೆ ಮಂದಿ ಕಾಲಾಗ ಮೀನಿಗೆ ಹಿಟ್ಟು ಹಾಕ್ಲಿಕ್ಕೂ ಜಾಗಾ ಇಲ್ಲ,” ಎಂದಳು.

ಇಲ್ಲಿ ಅವ್ವನ ಹಿಟ್ಟಿನ ವಿಷಯ ಹೇಳಬೇಕು. ಹಿಟ್ಟಿನುಂಡೆ ಮಾಡಿ ಹೊಳೆಯ ಮೀನುಗಳಿಗೆ ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. ಕಾಗೆಗೆ ಇಟ್ಟ ಪಿಂಡದಂತೆ, ಮೀನಿಗೆ ಹಾಕಿದ ತುತ್ತೂ ತೀರಿಹೋದ ನಮ್ಮವರಿಗೆ ಮುಟ್ಟುತ್ತದೆ ಎಂಬ ನಂಬಿಕೆ. ದೇವರೇ ಮೊದಲ ಅವತಾರವನ್ನು ಮೀನಾಗಿ ಎತ್ತಿದ ಮೇಲೆ ನಮ್ಮ ಹಿರಿಯರು ಅಲ್ಲಿಗೆ ಹೋಗಬಾರದೆಂದೇನಿಲ್ಲ. ಅವ್ವನ ಉಂಡೆಗಳಿಗೆ ಗೋಧಿ ಹಿಟ್ಟು, ಚೂರು ಬೆಲ್ಲ, ಇಂಗು, ಮೇಲೊಂದು ಚಮಚ ತುಪ್ಪ ಬೀಳುತ್ತಿತ್ತು. ಅಪ್ಪ ತುಪ್ಪವಿಲ್ಲದೆ ಉಣ್ಣುತ್ತಿರಲಿಲ್ಲ, ಅದಕ್ಕೆ.

ದಸರೆ ಕಳೆದು ಬಂದ ಒಂದು ರಜೆಯ ದಿನ ನಾಲ್ವರೂ ಹೋದೆವು. ಶೆಟ್ಟರು ಕೊಡೆಯ ಚೀಲದ ಜೊತೆಗೆ ಒಂದು ಸ್ಟೋವು, ಕಾವಲಿ, ಉಪ್ಪು-ಖಾರದ ಪೊಟ್ಟಣ, ಒಂದು ಬಾಟಲಿ ತೆಂಗಿನೆಣ್ಣೆಯನ್ನೂ ತಂದಿದ್ದರು. ಹಿಡಿದು ಬಿಡುವ ಮೀನಿಗೆ ಎಣ್ಣೆ ಯಾತಕ್ಕೆ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ನನ್ನ ನೆನಪಿನಲ್ಲಿ ಆ ನೀರು ಕಣ್ಣು ಹಾಯುವಷ್ಟು ದೂರ ಹರಡಿದೆ, ದಡಕ್ಕೆ ಅಲೆಗಳೂ ಬಡಿಯುತ್ತಿವೆ. ಇದು ಸುಳ್ಳೇ ಇರಬೇಕು. ಗಂಗಾಪುರದ ನೀರಿನಾಚೆ ತ್ರ್ಯಂಬಕದ ಕಡೆಯ ಗುಡ್ಡಗಳು ಸ್ಪಷ್ಟವಾಗಿ ಕಾಣುತ್ತವೆ. ಮುಂದೆ ನಾನು ಕಂಡ ಇನ್ನೊಂದು ನೀರನ್ನು ತಂದು ಇಲ್ಲಿ ಹೊಯ್ದಿದ್ದೇನೆ. ಗುಡ್ಡಗಳನ್ನು ಅವುಗಳ ಜಾಗಕ್ಕೆ ವಾಪಸು ಇಟ್ಟು ಮುಂದುವರಿಯುತ್ತೇನೆ.

ಮೊದಲು ನಾನು ಗಾಳ ಬೀಸಿದೆ. ವಿಮಾನದ ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆಂದು ಲೆಕ್ಕ ಹಾಕುವ ನಾನು ಬೀಸಿದ ಕೊಕ್ಕೆ ನೀರನ್ನು ತಲುಪದೆ ಹಿಂದಕ್ಕೆ ಬಂದು ತೋಳಿಗೆ ಸಿಕ್ಕಿತು. “ದೊಡ್ಡದೇ ಸಿಕ್ತು, ಆದ್ರೆ ತಿನ್ಲಿಕ್ಕೆ ಬರುದಿಲ್ಲ,” ಎಂದರು ಶೆಟ್ಟರು. ಸುಮಿತ್ರಾ ನಗುತ್ತ ಕೊಕ್ಕೆ ಬಿಡಿಸಿ, ಕೋಲು ತೆಗೆದುಕೊಂಡು, ಅವ್ವನಿಂದ ದೂರ ಹೋಗಿ ನಿಂತಳು. ಅವಳು ಬೀಸಿದ ರೀತಿಯೇ ಬೇರೆ. ದಾರಕ್ಕೆ ಕಟ್ಟಿದ ಸೀಸದ ಗುಂಡು ನೀರಿಗೆ ಇಳಿದ ಸದ್ದೇ ಆಗಲಿಲ್ಲ. ಅವಳ ಭುಜ ಸಡಿಲವಾಯಿತು. ಎಷ್ಟೋ ತಿಂಗಳಿಂದ ಬಿಗಿಹಿಡಿದಿದ್ದಳೆಂಬುದು ಸಡಿಲವಾದಾಗ ನನಗೆ ಕಂಡಿತು. ಆಗ ನಾನೂ ಸುಮ್ಮನಿದ್ದೆ.

ಅವ್ವ ಇತ್ತ ಅಪ್ಪನ ಹೆಸರು, ಅಜ್ಜನ ಹೆಸರು ಹೇಳುತ್ತ ಒಂದೊಂದೇ ಉಂಡೆ ಹಾಕುತ್ತಿದ್ದಳು. ಅವಳ ಮುಂದಿನ ನೀರು ಕುದಿಯುವ ಹಾಗೆ ಮಿಸುಕತೊಡಗಿತು. ಶೆಟ್ಟರ ಕಣ್ಣು ಅಲ್ಲಿಯೇ ನೆಟ್ಟಿತು. “ಅಣೆಕಟ್ಟಿನ ಮೀನೆಲ್ಲ ಅಮ್ಮನ ಪಂಕ್ತಿಗೆ ಬಂದು ಕೂತಿದಾವೆ ಮಾರಾಯ್ರೆ,” ಎಂದು ನನ್ನ ಕಿವಿಯಲ್ಲಿ ಅಂದರು. ಅತ್ತ ಸುಮಿತ್ರಾಳ ಗಾಳಕ್ಕೆ ಒಂದೂ ಬರಲಿಲ್ಲ.

ಅವ್ವನಿಗೆ ಸೊಸೆಯ ಮೇಲೆ ಕನಿಕರ ಬಂತು. “ಅಲ್ಲೆ ಬಿಸಲಾಗ ಯಾಕ ನಿಂತೀಯವಾ? ಇಲ್ಲೆ ಬಾ, ಇಲ್ಲೆ ಭಾಳ ಅವ.”

“ಬ್ಯಾಡ್ರೀ ಅತ್ತೀ, ಅವು ನಿಮ್ಮವು.”

“ನೀ ಹೆಂಗೂ ಬಿಡಾಕಿ ಅಲ್ಲ? ಬಾ. ಆ ನಿನ್ನ ಒಣಾ ಹಿಟ್ಟಿಗೆ ಯಾವ ಮೀನು ಬರ್ತದ? ಇದನ್ನ ಹಚ್ಚು, ತುಪ್ಪ ಅದ ಇದರಾಗ.”

ಹೀಗೆ, ಹುಟ್ಟಿದಾರಭ್ಯ ಮೀನು ಮುಟ್ಟದ ನನ್ನ ಅವ್ವ, ಅಡಿಗೆಯವಳ ಸಹಜ ಅಭಿಮಾನದಿಂದ, ತನ್ನ ಪಿತೃಗಳ ಉಂಡೆಯೊಂದನ್ನು ತಾನೇ ಕೈಯಾರೆ ಗಾಳಕ್ಕೆ ಕೊಟ್ಟಳು.

ಕೋಲು ಬಾಗಿತು. ಆಮೇಲಿನದು ಗದ್ದಲ. “ದಾರ ಬಿಡಿ, ಬಿಡಿ!” ಎಂದು ಶೆಟ್ಟರು, “ಜಗ್ಗು!” ಎಂದು ಅವ್ವ, ಇಬ್ಬರ ಮಾತನ್ನೂ ಕೇಳದೆ ಸುಮಿತ್ರಾ ತನ್ನ ಪಾಡಿಗೆ ತಾನು ಬಿಡುತ್ತ, ಎಳೆಯುತ್ತ ಮೀನನ್ನು ದಡಕ್ಕೆ ತಂದಳು. ಒಳ್ಳೆಯ ರೋಹು. ಮೊಣಕೈಯಿಂದ ಬೆರಳ ತುದಿಯವರೆಗಿತ್ತು ಎಂದು ನಾನು ಹೇಳುತ್ತೇನೆ, ನೀವು ಸ್ವಲ್ಪ ಕಳೆದುಕೊಳ್ಳಿ. ಸುಮಿತ್ರಾ ಕೊಕ್ಕೆ ಬಿಡಿಸಲು ಬಾಗಿದವಳು ತಲೆ ಎತ್ತಲಿಲ್ಲ. ಶೆಟ್ಟರು ನೋಡಿದರು. “ಗಂಟಲಿಗೆ ಇಳ್ದಿದೆ. ಬಿಟ್ರೂ ಇದು ಬದುಕುದಿಲ್ಲ ಅಮ್ಮ.”

ಅವ್ವ ಕೈಯಲ್ಲಿದ್ದ ಡಬ್ಬಿಯನ್ನು ನೋಡಿದಳು, ಮೀನನ್ನು ನೋಡಿದಳು. ಸುಮಿತ್ರಾಳ ಕಣ್ಣು ತುಂಬಿತ್ತು. “ತಪ್ಪಾತ್ರೀ ಅತ್ತೀ. ನೀವು ಉಣ್ಣಿಸಿದ್ದು ಅದು. ನೀರಿಗೇ ಬಿಟ್ಟುಬಿಡ್ತೀನಿ,” ಎಂದು ಮೀನನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಈ ಮದುವೆಯಲ್ಲಿ ಇದುವರೆಗೆ ಕಟ್ಟಿದ್ದೆಲ್ಲ ಆ ಕೈಗಳಿಂದ ಜಾರಿ ಹೋಗುತ್ತದೆ ಎಂದು ನನಗೆ ಭಯವಾಯಿತು.

“ಸಾಯೂದನ್ನ ನೀರಿಗೆ ಒಗದ್ರ ಯಾರಿಗೇನು ಪುಣ್ಯ?” ಎಂದಳು ಅವ್ವ. ಡಬ್ಬಿಗೆ ಮುಚ್ಚಳ ಹಾಕಿ, “ಮೀನಿಗೆ ಹಾಕೂದು ಯಾಕ? ನಮ್ಮವರು ಉಣ್ಣಲಿ ಅಂತ. ನೀ ನಮ್ಮಾಕಿ ಅಲ್ಲೇನು? ಉಣ್ಣು.”

ಶೆಟ್ಟರು ಎಣ್ಣೆಯ ಬಾಟಲಿಯನ್ನು ಎಷ್ಟು ಬೇಗ ತೆರೆದರೆಂದರೆ, ಅದರ ಮುಚ್ಚಳ ಎಲ್ಲಿ ಬಿತ್ತೆಂದು ಆಮೇಲೆ ಹುಡುಕಬೇಕಾಯಿತು. ಅವ್ವ ಗಾಳಿಯ ದಿಕ್ಕು ನೋಡಿ, ಸ್ವಲ್ಪ ದೂರದಲ್ಲಿ, ನಮಗೆ ಬೆನ್ನು ಮಾಡಿ ಕೂತಳು. ಸೆರಗನ್ನು ಮೂಗಿಗೆ ಹಿಡಿದಿದ್ದಳು. ಸುಮಿತ್ರಾ ಮೊದಲ ತುತ್ತು ಬಾಯಿಗಿಡುವಾಗ ಆ ಬೆನ್ನಿನ ಕಡೆಯಿಂದ ಮಾತು ಬಂತು:

“ಮುಳ್ಳು ನೋಡ್ಕೊಂಡು ತಿನ್ನು.”

ನಾನು ಇಬ್ಬರ ನಡುವೆ, ಯಾವ ಕಡೆ ಮುಖ ಮಾಡಬೇಕೆಂದು ತಿಳಿಯದೆ, ಚಪಾತಿ ಶೇಂಗಾಚಟ್ನಿ ತಿಂದೆ.

ಅಂದಿನಿಂದ ಅದೊಂದು ವಾರ್ಷಿಕ ವ್ರತವಾಯಿತು. ದಸರೆ ಮುಗಿದರೆ ಸಾಕು, ಅವ್ವನೇ ನೆನಪಿಸುತ್ತಿದ್ದಳು: “ಆಕೀನ್ನ ನೀರಿಗೆ ಕರಕೊಂಡು ಹೋಗೂದಿಲ್ಲೇನು ಈ ವರ್ಷ?” ಹಿಟ್ಟು ಅವ್ವನದು, ಗಾಳ ಸುಮಿತ್ರಾಳದು, ಎಣ್ಣೆ ಶೆಟ್ಟರದು. ಮೀನು ಬೇಯುವ ಹೊತ್ತಿಗೆ ಅವ್ವನ ಬೆನ್ನು ತಿರುಗುತ್ತಿತ್ತು, ಮುಳ್ಳಿನ ಎಚ್ಚರಿಕೆ ಬರುತ್ತಿತ್ತು. ಒಮ್ಮೆ ನಾನು, “ಮೀನಿನಾಗ ಮುಳ್ಳಿರ್ತದಂತ ನಿನಗ ಹೆಂಗ ಗೊತ್ತ ಅವ್ವಾ?” ಎಂದೆ. “ಅಷ್ಟು ವರ್ಷ ಉಣ್ಣಿಸೇನಿ, ಅಷ್ಟೂ ಗೊತ್ತಾಗಬಾರದೇನು?” ಎಂದಳು.

ಎಪ್ಪತ್ತರ ದಶಕದಲ್ಲಿ ಕೆಲಸ ಬದಲಿಸಿ ನಾವು ಔರಂಗಾಬಾದಿಗೆ ಹೋದೆವು. ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನನ್ನ ನೆನಪುಗಳು ಮಾತ್ರ ಹಳೆಯ ವಿಳಾಸದಲ್ಲೇ ಇವೆ. ಅವ್ವ ಅಲ್ಲಿಯೇ ತೀರಿಕೊಂಡಳು. ಅದೇ ಸುಮಾರಿಗೆ ಪೈಠಣದಲ್ಲಿ ಗೋದಾವರಿಗೆ ಕಟ್ಟಿದ ದೊಡ್ಡ ಅಣೆಕಟ್ಟು ತುಂಬಿತು. ಒಂದು ಶರತ್ಕಾಲದ ಸಂಜೆ ಅದರ ದಡದಲ್ಲಿ ನಾವಿಬ್ಬರೇ ಕೂತಿದ್ದೆವು. ಆಚೆ ದಡ ಕಾಣುತ್ತಿರಲಿಲ್ಲ, ನಿಜವಾಗಿಯೂ ಅಲೆಗಳಿದ್ದವು. ಸುಮಿತ್ರಾ ಆ ನೀರನ್ನು ಬಹಳ ಹೊತ್ತು ನೋಡಿ ಹೇಳಿದಳು:

“ಒಂದು ಮಾತು ಹೇಳ್ಲೇನ್ರೀ? ಆ ರೋಹು ಮೀನು ನನಗ ಒಂದು ತುತ್ತೂ ಸೇರ್ತಿರಲಿಲ್ಲ. ಬರೇ ಕೆಸರಿನ ವಾಸನಿ. ಸಮುದ್ರದ ಮೀನು ತಿಂದವರಿಗೆ ಅದು ಸೇರೂದಿಲ್ಲ.”

ನಾನು ದಂಗಾದೆ. “ಮತ್ತ ಪ್ರತಿವರ್ಷ ತಾಟು ಖಾಲಿ ಮಾಡ್ತಿದ್ದೆಲ್ಲ?”

“ಅತ್ತಿ ಕೊಟ್ಟಿದ್ದಲ್ರೀ ಅದು? ಅವರು ಹೊಳ್ಳಿ ನೋಡಿದ್ರ ಖಾಲಿ ಕಾಣಬೇಕಲ್ಲ.”

ವಾಸನೆ ತಡೆಯಲಾರದೆ ಮೂಗಿಗೆ ಸೆರಗು ಹಿಡಿದು ಕೂತ ಅವ್ವ ಒಂದು ಕಡೆ, ರುಚಿ ಸೇರದಿದ್ದರೂ ನುಂಗುತ್ತಿದ್ದ ಸೊಸೆ ಇನ್ನೊಂದು ಕಡೆ. ಇಷ್ಟು ವರ್ಷ ನಡುವೆ ಕೂತು ಚಪಾತಿ ತಿಂದ ನನಗೆ ಇದು ಕಾಣಲಿಲ್ಲ. ಅವ್ವ ಅಂದು ಹೇಳಿದ ಆ ದೊಡ್ಡ ಮಾತಿನ ಬಗ್ಗೆಯೂ ಕೇಳಿದೆ. ಸುಮಿತ್ರಾಳ ಪ್ರಕಾರ ಅವ್ವ ಅಂದದ್ದು ‘ಉಣ್ಣು’ ಎಂದಷ್ಟೇ. ಉಳಿದದ್ದನ್ನು ನಾನೇ ಹೊಸೆದಿದ್ದೇನೆ. ಇರಬಹುದು. ನನಗೆ ಹೊಸೆಯುವುದನ್ನು ಕಲಿಸಿದವಳೂ ಅವ್ವನೇ.

“ಈಗ ನಿನ್ನ ಮಾತಿನ ಅವಧಿ ಮುಗೀತಲ್ಲ,” ಎಂದೆ. “ಮುಂಬಯಿಯಿಂದ ಬರ್ಫದಾಗ ಸಮುದ್ರದ ಮೀನು ಬರ್ತಾವಂತ. ತರಿಸೂಣೇನು?”

ಅವಳು ತಲೆಯಾಡಿಸಿದಳು. “ಬೆನ್ನು ತಿರುಗಿಸಿ ಕೂಡವರು ಬೇಕಲ್ರೀ ಅದಕ್ಕ.”

ಅದೇನು ಮಹಾ ಎಂದು ನಾನು ಎದ್ದು, ನಾಲ್ಕು ಹೆಜ್ಜೆ ಆಚೆ ಹೋಗಿ, ನೀರಿಗೂ ಅವಳಿಗೂ ಬೆನ್ನು ಮಾಡಿ ಕೂತು, “ಮುಳ್ಳು ನೋಡ್ಕೊಂಡು ತಿನ್ನು,” ಎಂದೆ. ಅಳುತ್ತಿದ್ದಾಳೇನೋ ಎಂದು ತಿರುಗಬೇಕೆನ್ನುವಷ್ಟರಲ್ಲಿ ನಗು ಕೇಳಿಸಿತು.

“ಬರ್ರೀ ಈ ಕಡೆ. ನಿಮ್ಮ ಬೆನ್ನಿಗೆ ಅಷ್ಟು ಅಗಲ ಇಲ್ಲ.”