ಕಿಡಿ ತಾಗದ ಬೆರಳು

ನಮ್ಮ ಭಾವನ ಕೈಗೆ ಎಮ್ಮೆಯ ಚರ್ಮ ಎಂದು ಕೇರಿಯೆಲ್ಲ ಕೇಳುವಂತೆ ಹಾಸ್ಯ ಮಾಡಿದವನು ನಾನೇ. ಅದನ್ನು ನೆನೆದರೆ ಇವತ್ತಿಗೂ ನನ್ನ ನಾಲಿಗೆ ಕಿತ್ತು ಬಿಸಾಡಬೇಕು ಅನ್ನಿಸುತ್ತದೆ.

ಭಾವ ಎಂದರೆ ಅಕ್ಕನ ಗಂಡ. ಮುಂಬೈಯ ಗ್ಯಾರೇಜೊಂದರಲ್ಲಿ ಏಳೆಂಟು ವರ್ಷ ದುಡಿದು, ಅಲ್ಲಿ ಕೆಲಸ ತಪ್ಪಿದ ಮೇಲೆ ಅಂಕೋಲೆಗೆ ಮರಳಿದ್ದ. ಮೂವತ್ತರ ದಶಕದ ಆ ದಿನಗಳಲ್ಲಿ ನಮ್ಮ ಕಡೆ ಮೋಟಾರುಗಳೇ ಅಪರೂಪ, ಇನ್ನು ಮೋಟಾರ್ ಮೇಸ್ತ್ರಿಯನ್ನು ಕೇಳುವವರು ಯಾರು? ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಹೇಳಬಲ್ಲವನು ಕಂಡವರ ಗದ್ದೆಯಲ್ಲಿ ಕೂಲಿಗೆ ಇಳಿದ. ನಾನು ಹಟ್ಟಿಕೇರಿಯ ಶಾಲೆಯಲ್ಲಿ ಮಾಸ್ತರು. ಶಾಲೆಗೆ ರಜೆ ಎಂದರೆ ಅಕ್ಕನ ಮನೆಯಲ್ಲೇ ಊಟ.

ಹೀಗಿರುವಾಗ ಕಾರವಾರದ ಕೋಡಿಬಾಗದ ಬಸ್ಸಿನ ಧಣಿಯೊಬ್ಬರು ಒಂದು ಹಳೆಯ ಮೋಟಾರ್ ಸೈಕಲ್ಲನ್ನು ಎತ್ತಿನ ಗಾಡಿಯಲ್ಲಿ ಹೇರಿ ಕಳಿಸಿದರು. ಜರ್ಮನ್ ಯುದ್ಧದ ಕಾಲದ್ದು, ಯಾವನೋ ಸಾಹೇಬ ಬಿಟ್ಟುಹೋದದ್ದು. ಇಬ್ಬರು ಮೇಸ್ತ್ರಿಗಳು ಅದರ ಮುಂದೆ ಕೈ ಎತ್ತಿದ್ದರಂತೆ. ಮಳೆ ಹಿಡಿಯುವುದರೊಳಗೆ ಇದನ್ನು ಓಡಿಸಿಕೊಂಡು ಬಂದರೆ ನನ್ನ ಬಸ್ಸುಗಳಿಗೆಲ್ಲ ನೀನೇ ಮೇಸ್ತ್ರಿ ಎಂದು ಧಣಿ ಮಾತು ಕೊಟ್ಟಿದ್ದರು. ಗಾಡಿಯಿಂದ ಅದು ಇಳಿಯುವ ಹೊತ್ತಿಗೇ ಅಕ್ಕ ಮನಸ್ಸಿನಲ್ಲಿ ಕೋಡಿಬಾಗದ ಮನೆ ಹಿಡಿದಾಗಿತ್ತು. ಹೊಳೆಗೆ ಮುಖ ಮಾಡಿದ ಜಗಲಿ ಇರಬೇಕು, ಒಳಕಲ್ಲು ಇಂಥ ಮೂಲೆಯಲ್ಲಿರಬೇಕು ಎಂಬಲ್ಲಿಯವರೆಗೆ.

ಭಾವ ಅದರ ರೂಪವನ್ನೇ ಬದಲಿಸಿದ. ಹಿಂದಿನ ಚಕ್ರ ತಿರುಗಿಸುವ ತೊಗಲಿನ ಪಟ್ಟಿ ಜಾರುತ್ತಿತ್ತು, ಅದನ್ನು ಕಿತ್ತು ಚೈನು ಹಾಕಿದ. ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ಕಳೆದೇ ಹೋಗಿತ್ತು. ಮುರಿದ ಮೋಟಾರೊಂದರಿಂದ ಬೇರೊಂದು ತಂದು, ಕಂಚುಗಾರನಿಂದ ತಾಮ್ರದ ಕೊಳವೆ ಮಾಡಿಸಿ ಬೆಸೆದ. ಎಷ್ಟು ಗಾಳಿ, ಎಷ್ಟು ಪೆಟ್ರೋಲು ಎಂದು ವಾರಗಟ್ಟಲೆ ಕಿವಿಯಿಟ್ಟು ಹದ ಮಾಡಿದ. ಒಂದು ಭಾನುವಾರ ನಾವಿಬ್ಬರೂ ಅದರ ಮೇಲೆ ಹಟ್ಟಿಕೇರಿಗೆ ಹೋಗಿ ಬಂದೆವು. ದಾರಿಯುದ್ದಕ್ಕೂ ಕೆಮ್ಮಿದರೂ ಓಡಿತು. ಮನೆಗೆ ಬಂದು ಇಳಿದಾಗ ಸುಟ್ಟ ವಾಸನೆ. ನೋಡಿದರೆ ಭಾವನ ಅಂಗೈ ಕಾದ ಹೊಗೆ ಕೊಳವೆಯ ಮೇಲಿದೆ.

"ಕೈ ತೆಗೆಯೋ!" ಎಂದು ಕೂಗಿದೆ.

ಅವನು ನಿಧಾನವಾಗಿ ಕೈ ತೆಗೆದು, ಎದ್ದ ಬೊಬ್ಬೆಯನ್ನು ನೋಡಿದ. "ನಂಗೆ ಗೊತ್ತೇ ಆಗ್ಲಿಲ್ಲ ಮಾರಾಯ" ಎಂದ. ಎಮ್ಮೆಯ ಚರ್ಮದ ಮಾತು ನಾನು ಆಡಿದ್ದು ಆಗಲೇ. ಅಕ್ಕನೂ ನಕ್ಕಳು, ಅವನೂ ನಕ್ಕ.

ಮರುವಾರ ಗಾಡಿ ಪೂರ್ತಿ ನಿಂತುಹೋಯಿತು. ಎಷ್ಟು ಒದ್ದರೂ ಉಸಿರಿಲ್ಲ. ಕಿಡಿ ಬರುತ್ತದೋ ಇಲ್ಲವೋ ನೋಡಲು ಭಾವನದು ಒಂದೇ ಕ್ರಮ. ಪ್ಲಗ್ ಬಿಚ್ಚಿ, ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ನಾನು ಚಕ್ರ ತಿರುಗಿಸಬೇಕು. ಅವನು ಪ್ಲಗ್ಗಿನ ತಂತಿಯ ತುದಿಯನ್ನು ಬೆರಳಲ್ಲಿ ಹಿಡಿಯಬೇಕು. "ಬಿಸಿಲಲ್ಲಿ ಕಿಡಿ ಕಾಣೂದಿಲ್ಲ ಮಾಸ್ತರಾ. ಕಣ್ಣು ಸುಳ್ಳು ಹೇಳ್ತದೆ, ಬೆರಳು ಸುಳ್ಳು ಹೇಳೂದಿಲ್ಲ" ಎನ್ನುತ್ತಿದ್ದ. ಈ ಸಲ ಬೆರಳಿಗೆ ಏನೂ ತಾಗಲಿಲ್ಲ. ಹಾಗಾದರೆ ತಪ್ಪು ಕಿಡಿ ಹುಟ್ಟಿಸುವ ಮ್ಯಾಗ್ನೆಟೋದ್ದೇ ಎಂದು ತೀರ್ಮಾನಿಸಿ ಅದನ್ನು ಬಿಚ್ಚಿದ. ಹಾರವಾಡದ ಕಡಲಿನ ಉಪ್ಪುಗಾಳಿ ಒಳಗೆ ಹೊಕ್ಕಿದೆ ಎಂದು ಒಲೆಯ ಬೂದಿಯ ಬಿಸಿಯಲ್ಲಿಟ್ಟು ಒಣಗಿಸಿದ. ಜೋಡಿಸಿ ಹಿಡಿದು ನೋಡಿದರೆ ಮತ್ತೆ ಏನೂ ಇಲ್ಲ. ಮತ್ತೆ ಬಿಚ್ಚಿದ, ಮತ್ತೆ ಜೋಡಿಸಿದ. ಮೂರು ವಾರ ಹೀಗೇ ಕಳೆಯಿತು. ಪಡುವಣ ಆಕಾಶ ಮಳೆಮೋಡದಿಂದ ಕಪ್ಪಾಗತೊಡಗಿತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಕೊಡು ಇಲ್ಲಿ, ನಾನು ಹಿಡೀತೆ" ಎಂದು ತಂತಿ ಕಸಿದುಕೊಂಡೆ.

"ಬ್ಯಾಡ, ಬೋರ್ಡಿನ ಮೇಲೆ ಬರೆಯೂಕೆ ಖಡು ಹಿಡಿಯೂ ಬೆರಳು ನಿಂದು" ಎಂದು ನಗುತ್ತಲೇ ಭಾವ ಚಕ್ರ ತಿರುಗಿಸಿದ.

ಬೆಂಕಿ ಕಚ್ಚಿದಂತಾಯಿತು. ತಂತಿ ಕೈಯಿಂದ ಹಾರಿಹೋಯಿತು.

"ಹೊಡೀತಾ?" ಎಂದು ಕೇಳಿದ.

"ಇಲ್ಲ" ಎಂದೆ. ಯಾಕೆ ಹಾಗೆಂದೆನೋ ತಿಳಿಯದು. ಬೆರಳು ಮಾತ್ರ ಆಗಲೇ ನನ್ನ ಬಾಯಲ್ಲಿತ್ತು.

ಅವನು ತಂತಿಯನ್ನು ನೆಲದಿಂದ ಎತ್ತಿಕೊಂಡ. "ನೀ ತಿರುಗಿಸು" ಎಂದ. ತಿರುಗಿಸಿದೆ. ಬಲಗೈಯ ತೋರುಬೆರಳು, ನಡುಬೆರಳು, ಕಿರುಬೆರಳು, ಒಂದೊಂದಾಗಿ ತಂತಿಗೆ ಇಡುತ್ತ ಹೋದ. "ಇನ್ನೊಂದು ಸಲ" ಎನ್ನುವುದೊಂದೇ ಮಾತು. ಎಡಗೈಗೂ ಬಂದ. ಕೊನೆಗೆ ಎಡ ಹೆಬ್ಬೆರಳು ಇಟ್ಟಾಗ ಅವನ ರೆಪ್ಪೆ ಅದುರಿತು.

"ಇದೊಂದಕ್ಕೆ ಜೀವ ಅದೆ" ಎಂದ.

ಅವನ ಮೊಣಕೈಯ ಹತ್ತಿರ ಒಂದು ಬಿಳಿಚಿದ ಕಲೆ ಇತ್ತು. ಚಿಬ್ಬು ಎಂದುಕೊಂಡು ಅಕ್ಕ ದಿನಾ ಎಣ್ಣೆ ಹಚ್ಚುತ್ತಿದ್ದಳು. ಇಬ್ಬರೂ ಅದನ್ನೇ ನೋಡಿದೆವು. ಕುಷ್ಠ ಎಂಬ ಶಬ್ದವನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ದೊಡ್ಡ ರೋಗ ಎನ್ನುತ್ತಿದ್ದರು. ಬಂದವನು ಊರ ಬಾವಿಯ ಹಗ್ಗ ಮುಟ್ಟುವಂತಿಲ್ಲ. ಅವನು ಮುಟ್ಟಿದ ಬಸ್ಸನ್ನು ಯಾರು ಹತ್ತುತ್ತಾರೆ? ಗುಣಪಡಿಸುವ ಮದ್ದು ಆಗ ಇರಲಿಲ್ಲ. ಇದೆ ಎಂದು ಸುಳ್ಳು ಹೇಳಿ ಸಮಾಧಾನ ಮಾಡುವ ಧೈರ್ಯವೂ ನನಗೆ ಬರಲಿಲ್ಲ.

ಕಿಡಿ ಇದೆ ಎಂದಾದ ಮೇಲೆ ಭಾವ ಕೂತು ಕಾರ್ಬುರೇಟರ್ ಬಿಚ್ಚಿದ. ಪೆಟ್ರೋಲು ಚಿಮ್ಮುವ ಸಣ್ಣ ತೂತಿನಲ್ಲಿ ಎಳ್ಳಿನಷ್ಟು ಹಸಿರು ಕಿಲುಬು ಸಿಕ್ಕಿಕೊಂಡಿತ್ತು. ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದವನೂ ಮೊದಲು ನೋಡುವ ಜಾಗ. ಅವನು ಬೆರಳನ್ನು ನಂಬಿ ಅತ್ತ ತಿರುಗಿಯೂ ನೋಡಿರಲಿಲ್ಲ. ಊದಿ ತೆಗೆದು, ಜೋಡಿಸಿ, ಒದ್ದ. ಮೂರನೆಯ ಒದೆತಕ್ಕೆ ಇಂಜಿನ್ ಎದ್ದಿತು. ಕೆಮ್ಮಿಲ್ಲ, ತೊದಲಿಲ್ಲ. ಅಷ್ಟು ಚೆಂದದ ಸದ್ದನ್ನು ಆ ಗಾಡಿ ಹಿಂದೆಂದೂ ಮಾಡಿರಲಿಲ್ಲ.

ಅಕ್ಕ ಅಡುಗೆಮನೆಯಿಂದ ಓಡಿಬಂದಳು. "ಸುರು ಆಯ್ತಾ! ನಾಳೆನೇ ಕೋಡಿಬಾಗಕ್ಕೆ ಹೋಗೂದಾ?" ಎನ್ನುತ್ತ, ಎಂದಿನಂತೆ ಸೆರಗಿನಿಂದ ಅವನ ಕೈ ಒರೆಸಲು ಹೋದಳು.

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಮಾಡಿಕೊಂಡ. "ಮುಟ್ಟಬೇಡ. ಎಣ್ಣೆ ಅದೆ" ಎಂದ.

"ಎಣ್ಣೆಗೆ ಹೆದರಿದ್ರೆ ನಿಮ್ಮ ಸಂಗಡ ಸಂಸಾರ ಮಾಡೂಕಾತದ್ಯಾ?" ಎಂದು ನಗುತ್ತ ಅವಳು ಇನ್ನೂ ಹತ್ತಿರ ಹೋದಳು. ಅವನು ಹಿಂದೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತ.

ಅಕ್ಕ ನನ್ನತ್ತ ತಿರುಗಿದಳು. ನಗು ಇನ್ನೂ ಮುಖದಲ್ಲೇ ಇತ್ತು. "ನಿನ್ನ ಭಾವಂಗೆ ಇವತ್ತು ಎಂತಾ ಆಯ್ತೋ ತಮ್ಮಾ?"

ಇಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ ನಾನು ತಲೆ ಬಗ್ಗಿಸಿ ಚಕ್ರವನ್ನು ನೋಡುತ್ತ ಕೂತೆ.