ಪ್ಯಾಡಿಗೆ ಹಚ್ಚಿದ ಕುಂಕುಮ

ಸಂಡೂರಿನ ಕೆಂಪು ಧೂಳು ಬಟ್ಟೆಗೆ ಹತ್ತಿದರೆ ಒಗೆದು ತೆಗೆಯಬಹುದು, ಕಾರಿನ ಬ್ರೇಕಿಗೆ ಹತ್ತಿದರೆ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಅಲ್ಲಿ ಅದಿರು ಪರೀಕ್ಷಿಸುವ ಲ್ಯಾಬಿನಲ್ಲಿ ನನ್ನ ಕೆಲಸ. ಹೊಸಪೇಟೆಯಿಂದ ದಿನಾ ಘಾಟು ಹತ್ತಿಳಿದು ಹೋಗಿ ಬರುತ್ತೇನೆ, ಹಿಂದೆ ಮುಂದೆ ಲಾರಿಗಳು. ಆ ವರ್ಷ ದೀಪಾವಳಿ ಕಳೆದ ಮೇಲೆ, ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಗಾಲಿಗಳು ಕರ್ರ್ ಎನ್ನತೊಡಗಿದವು. ಬಗ್ಗಿ ನೋಡಿದೆ. ಗಾಲಿಯೊಡನೆ ತಿರುಗುವ ಡಿಸ್ಕಿನ ಮೇಲೆ ಗೀರು ಬಿದ್ದಿದ್ದವು. ಅದನ್ನು ಎರಡೂ ಕಡೆಯಿಂದ ಹಿಡಿದು ನಿಲ್ಲಿಸುವ ಪ್ಯಾಡುಗಳು ಸವೆದು ರಟ್ಟಿನಷ್ಟು ತೆಳ್ಳಗಾಗಿದ್ದವು.

ಗ್ಯಾರೇಜಿನವನು ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ಉತ್ತರವನ್ನು ನನ್ನ ಗಂಡನಿಗೆ ಹೇಳಿದ. ಗಾಡಿ ಬಿಟ್ಟು ಹೋಗಬೇಕಂತೆ, ಯಾವಾಗ ಸಿಗುತ್ತದೋ ನೋಡಬೇಕಂತೆ. ನನಗೆ ರೇಗಿತು. ಸಾಮಾನು ತಂದು ಮನೆಯಲ್ಲಿ ನಾನೇ ಹಾಕುತ್ತೇನೆ ಅಂದೆ. ಮುಂದಿನ ಗಾಲಿಗಳ ಪ್ಯಾಡನ್ನು ಒಮ್ಮೆ ನಾನೇ ಬದಲಿಸಿದ್ದೆ, ಹಿಂದಿನವು ಹೊಸ ಪಾಠ. ಗಂಡ ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವವನು; ಬೆಲ್ಟು, ಬೇರಿಂಗು ಅವನಿಗೆ ವಾರವಿಡೀ ಸಾಕಾಗಿರುತ್ತವೆ. ಅವನು ತಡೆಯಲಿಲ್ಲ.

"ಅವ್ವಗ ಮಾತ್ರ ಗೊತ್ತಾಗೂದು ಬ್ಯಾಡ" ಅಂದ.

ಅವ್ವ ಅಂದರೆ ನನ್ನ ಅತ್ತೆ, ಕಂಪ್ಲಿ ಹತ್ತಿರದ ಮೆಟ್ರಿ ಹಳ್ಳಿಯವರು. ಮಾವ ತೀರಿಕೊಂಡದ್ದು ಅಲ್ಲೇ. ಕಬ್ಬು ತುಂಬಿದ ಟ್ರ್ಯಾಕ್ಟರು ಕಾಲುವೆ ಏರಿ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ. ನನ್ನ ಗಂಡ ಆಗ ಶಾಲೆಗೆ ಹೋಗುತ್ತಿದ್ದ. ಅಂದಿನಿಂದ ನಮ್ಮ ಮನೆಯಲ್ಲಿ ಬ್ರೇಕು ಅನ್ನುವ ಮಾತನ್ನು ಯಾರೂ ಗಟ್ಟಿಯಾಗಿ ಆಡುವುದಿಲ್ಲ. ನಾನು ಕಾರು ತೆಗೆಯುವಾಗ ಅತ್ತೆ ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸಂಜೆ ಬಂದಾಗಲೂ ಅಲ್ಲೇ ನಿಂತಿರುತ್ತಾರೆ. ನಾನು ಓಡಿಸುವ ಕಾರಿನಲ್ಲಿ ಅವರು ಒಂದು ಸಲವೂ ಕೂತವರಲ್ಲ. ಕಂಪ್ಲಿಗೆ ಹೋಗುವುದಾದರೆ ಬಸ್ಸು. ಇಂಥವರ ಕಣ್ಣೆದುರು ಬ್ರೇಕು ಬಿಚ್ಚಿ ಹರಡುವುದು ಬೇಡವೆಂದು, ಭಾನುವಾರ ಅವರು ಮಠಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸ ಮುಗಿಸುವ ಲೆಕ್ಕ ಹಾಕಿದೆ.

ಲೆಕ್ಕ ತಪ್ಪಿಸಿದ್ದು ಒಂದು ತುಕ್ಕು ಹಿಡಿದ ಸ್ಕ್ರೂ. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಸಡಿಲಿಸಿ, ಜ್ಯಾಕ್ ಏರಿಸಿ ಸ್ಟ್ಯಾಂಡಿನ ಮೇಲೆ ಕೂರಿಸುವವರೆಗೆ ಎಲ್ಲ ಸಲೀಸಾಗಿ ನಡೆಯಿತು. ಹಳೆಯ ಡಿಸ್ಕನ್ನು ಹಿಡಿದಿದ್ದ ಆ ಪುಟ್ಟ ಸ್ಕ್ರೂ ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಎಣ್ಣೆ ಬಿಟ್ಟೆ, ಬಡಿದೆ, ಬೈದೆ. ಕೊನೆಗೆ ಅದು ಸಡಿಲಾಗುವ ಹೊತ್ತಿಗೆ ಅತ್ತೆ ಮಠದಿಂದ ಬಂದು, ಅಂಗಳದಲ್ಲಿ ಗಾಲಿಯಿಲ್ಲದೆ ನಿಂತ ಕಾರನ್ನು ನೋಡಿ ಒಳಗೆ ಹೋದರು. ನಾನು ಹೊಸ ಡಿಸ್ಕುಗಳ ಮೇಲಿನ ಜಿಡ್ಡನ್ನು ಸ್ಪ್ರೇ ಹೊಡೆದು ಒರೆಸಿ, ಪ್ಯಾಡುಗಳ ಜೊತೆ ಕಟ್ಟೆಯ ಮೇಲೆ ಹಳೆ ಪೇಪರು ಹಾಸಿ ಇಟ್ಟು, ಕೈತೊಳೆದು ಉಪ್ಪಿಟ್ಟು ತಿನ್ನಲು ಹೋದೆ.

ಬಂದು ನೋಡಿದರೆ ಪೂಜೆ ಮುಗಿದಿತ್ತು. ಡಿಸ್ಕುಗಳಿಗೆ ವಿಭೂತಿಯ ಮೂರು ಗೆರೆ, ನಡುವೆ ಕುಂಕುಮ. ಪ್ಯಾಡುಗಳನ್ನೂ ಬಿಟ್ಟಿರಲಿಲ್ಲ. ಸರಿಯಾಗಿ ಡಿಸ್ಕನ್ನು ಹಿಡಿಯಬೇಕಾದ ಮುಖದ ಮೇಲೆಯೇ ಒಂದೊಂದು ಕುಂಕುಮದ ಬೊಟ್ಟು, ಬೊಟ್ಟಿನ ಸುತ್ತ ಕಪ್ಪಗೆ ಇಂಗಿದ ಕಲೆ.

"ಅತ್ತೀ, ಇದಕ್ಕ ಎಣ್ಣಿ ಹಚ್ಚೀರೇನು?"

"ಒಣಾ ಕುಂಕುಮ ಕಬ್ಬಿಣಕ್ಕ ನಿಂದ್ರತದೇನವ್ವ? ಒಂದೊಂದು ಹನಿ ಶೇಂಗಾ ಎಣ್ಣಿ ಹಚ್ಚೀನಿ. ಹೊಸಾ ಕಬ್ಬಿಣ ಮನೀಗೆ ಬಂದ್ರ ಹಂಗ ಜೋಡಿಸಿಬಿಡ್ತಾರೇನು?"

ಡಿಸ್ಕನ್ನು ಮತ್ತೆ ತೊಳೆಯಬಹುದು. ಪ್ಯಾಡು ಹಾಗಲ್ಲ, ಕುಡಿದ ಎಣ್ಣೆಯನ್ನು ವಾಪಸು ಕೊಡುವುದಿಲ್ಲ. ಸುಮ್ಮನೆ ಒಳ್ಳೇದಾಯಿತು ಅಂದು, ಗುಟ್ಟಾಗಿ ಬೇರೆ ತರಿಸಬಹುದಿತ್ತು. ಆದರೆ ಬೆಳಗಿನಿಂದ ಸ್ಕ್ರೂ ಜೊತೆ ಗುದ್ದಾಡಿದ ಸಿಟ್ಟು ಬುದ್ಧಿಗಿಂತ ಮುಂದಿತ್ತು.

"ಎಣ್ಣಿ ಹತ್ತಿದ ಪ್ಯಾಡು ಹಿಡಿಯೂದಿಲ್ರೀ, ಜಾರತದ. ಇದನ್ನ ಹಾಕ್ಕೊಂಡು ನಾಳೆ ಘಾಟ್ ಇಳದ್ರ ನಾನು ಸೀದಾ ಕೆಳಗ."

ಅತ್ತೆ ಕಟ್ಟೆಯ ಮೇಲೆ ಕೂತರು. ಬೆರಳಿಗೆ ಅಂಟಿದ್ದ ಕುಂಕುಮವನ್ನು ಸೀರೆಗೆ ಒರೆಸಿಕೊಂಡರು, ಮತ್ತೆ ನೋಡಿದರು, ಮತ್ತೆ ಒರೆಸಿಕೊಂಡರು.

"ಆ ಟ್ರ್ಯಾಕ್ಟರಿಗೂ ನಾನ ಹಚ್ಚಿದ್ದೆ" ಅಂದರು. "ಅಮಾಸಿ ದಿನ. ಗಾಲೀಗೆಲ್ಲ ಎಣ್ಣಿ ಸವರಿ ಕುಂಕುಮ ಇಟ್ಟಿದ್ದೆ. ಮರುದಿನಾನ ಹಂಗಾತು. ನನ್ನ ಕೈಯಿಂದನ ಆತೇನವ್ವ?"

ಇಷ್ಟು ವರ್ಷ ಟ್ರ್ಯಾಕ್ಟರನ್ನು ದೂರಿಕೊಂಡು, ದೇವರನ್ನು ದೂರಿಕೊಂಡು ಹೇಗೋ ಬದುಕಿದ್ದರು. ನಾನು ಒಂದು ಮಾತಿನಲ್ಲಿ ಆ ತಪ್ಪನ್ನು ಅವರ ಕೈಗೇ ತಂದು ಹಚ್ಚಿದ್ದೆ.

"ಅಲ್ರೀ" ಅಂದೆ. "ಟ್ರ್ಯಾಕ್ಟರಿಂದು ಹಿಂಗ ಬಯಲಿಗೆ ಇರೂದಿಲ್ಲ. ಒಳಗ ಗಟ್ಟಿ ಪೆಟ್ಟಿಗ್ಯಾಗ ಬೋಲ್ಟ್ ಬಿಗದು ಮುಚ್ಚಿರ್ತಾರ. ಗಾಲಿ ಮ್ಯಾಲೆ ಕೊಡಗಟ್ಟಲೆ ಎಣ್ಣಿ ಸುರುವಿದ್ರೂ ಅಲ್ಲೀಗೆ ಮುಟ್ಟೂದಿಲ್ಲ."

"ನನ್ನ ಸಮಾಧಾನಕ್ಕ ಹೇಳಬ್ಯಾಡ."

"ನಿಮ್ಮ ಸಮಾಧಾನಕ್ಕ ಹೇಳೂದಾಗಿದ್ರ ಪ್ಯಾಡಿನ ವಿಷಯಾನೂ ಹೇಳ್ತಿದ್ದಿಲ್ಲ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಎದ್ದು ನಲ್ಲಿಯ ಹತ್ತಿರ ಹೋಗಿ ಸೋಪು ಹಚ್ಚಿ ಕೈ ತಿಕ್ಕಿ ತಿಕ್ಕಿ ತೊಳೆದರು.

ಗಂಡ ಬೈಕಿನಲ್ಲಿ ಹೋಗಿ, ಭಾನುವಾರದ ಬಾಗಿಲು ಹಾಕಿಕೊಂಡಿದ್ದ ಅಂಗಡಿಯವನನ್ನು ಎಬ್ಬಿಸಿ, ಬೇರೆ ಪ್ಯಾಡು ತಂದ. ನಾನು ಡಿಸ್ಕುಗಳನ್ನು ಮತ್ತೆ ತೊಳೆದು ಕೂರಿಸಿದೆ. ಪ್ಯಾಡನ್ನು ಒತ್ತುವ ಪಿಸ್ಟನ್ನು ಹಿಂದಿನ ಗಾಲಿಗಳಲ್ಲಿ ಬರೀ ನೂಕಿದರೆ ಒಳಗೆ ಹೋಗುವುದಿಲ್ಲ, ನೂಕುತ್ತಲೇ ತಿರುಗಿಸಬೇಕು. ಅತ್ತೆ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ನೋಡಿದರು. ಯಾವುದು ಯಾವುದನ್ನು ಹಿಡಿಯುತ್ತದೆ ಎಂದು ಕೇಳಿದರು, ತೋರಿಸಿದೆ. ಗಾಲಿ ಹಾಕಿದ ಮೇಲೆ ನಾನು ಒಳಗೆ ಕೂತು, ಪೆಡಲು ಗಟ್ಟಿಯಾಗುವವರೆಗೆ ಒತ್ತಿದೆ.

ಹೊಸ ಪ್ಯಾಡು ಡಿಸ್ಕಿಗೆ ಹೊಂದಿಕೊಳ್ಳಬೇಕಾದರೆ, ಖಾಲಿ ರಸ್ತೆಯಲ್ಲಿ ವೇಗ ಹಿಡಿದು ನಿಧಾನ ಮಾಡುವುದನ್ನು ಹಲವು ಸಲ ಮಾಡಬೇಕು. ಕಡ್ಡಿರಾಂಪುರದ ಕಡೆ ಹೋಗಿ ಬರುತ್ತೇನೆ ಅಂದೆ. ಅತ್ತೆ ಈ ಸಲ ಬಾಗಿಲಲ್ಲಿ ನಿಲ್ಲಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತರು. ಬೆಲ್ಟು ನಾನೇ ಹಾಕಿದೆ.

ನಾನು ವೇಗ ಹೆಚ್ಚಿಸಿದೆ, ಇಳಿಸಿದೆ, ಮತ್ತೆ ಹೆಚ್ಚಿಸಿದೆ. ಬಾಳೆತೋಟದ ಪಕ್ಕದ ಇಳಿಜಾರಿನಲ್ಲಿ, ಹಿಂದೆ ಮುಂದೆ ಗಾಡಿಯಿಲ್ಲದ್ದು ನೋಡಿ, ಪೂರ್ತಿ ಒತ್ತಿದೆ. ಕಾರು ಸದ್ದಿಲ್ಲದೆ ನಿಂತಿತು. ಅತ್ತೆ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಊರಿಕೊಂಡು, ಎದುರಿನ ಇಳಿಜಾರನ್ನು ನೋಡುತ್ತ ಕೂತಿದ್ದರು. ಕೆನ್ನೆ ಒದ್ದೆಯಾಗಿತ್ತು.

"ಮನೀಗೆ ಹೋಗೂಣೇನ್ರೀ?" ಅಂದೆ.

"ತಡಿ" ಅಂದರು. "ಹಿಂದಕ್ಕ ತಗೊಂಡು ಬಾ. ಇಲ್ಲೇ ಇನ್ನೊಮ್ಮಿ ನಿಂದರಸು."