ಡಬ್ಬಿಯವರಿಂದ ಮಾಡಿಸಿದ ಆಣೆ

ಕೊಡಿಗೇಹಳ್ಳಿಯ ದೇವಸ್ಥಾನದ ಪಕ್ಕ ನಾನು ಹೂ ಮಾರುತ್ತೇನೆ. ಹೆಸರು ಬರೆಯುವಷ್ಟು ಅಕ್ಷರ ಬರುತ್ತದೆ, ಅಷ್ಟೇ. ಮಗುವಿನ ಫೋಟೋ ಅಂಟಿಸಿದ ಡಬ್ಬಿ ಹಿಡಿದು ಆಪರೇಷನ್ನಿಗೆ ದುಡ್ಡು ಕೇಳುವವರು ನಮ್ಮ ಬೀದಿಗೆ ದಿನಾ ಬರುತ್ತಿದ್ದರು. ಒಂದೇ ಮಗುವಿನ ಫೋಟೋ ಮೂರು ಜನರ ಡಬ್ಬಿಯ ಮೇಲೆ ಕಂಡಾಗ ನನಗೆ ರೇಗಿತು. ಬೀಟಿಗೆ ಬರುವ ಪೊಲೀಸಿನವನಿಗೆ ಹೇಳಿದೆ.

"ಆಸ್ಪತ್ರೆ ಲೆಟರ್ ಚೆಕ್ ಮಾಡಿ ಅಜ್ಜಿ. ಡೌಟ್ ಬಂದ್ರೆ ಫೋನ್ ಮಾಡಿ" ಎಂದ.

ಓದಲು ಬಾರದವಳು ಏನು ಚೆಕ್ ಮಾಡಲಿ?

ಇದು ಇನ್ನೂ ಹಳ್ಳಿಯಾಗಿದ್ದಾಗ ಕೋಳಿ ಕಳುವಾದರೂ ದೇವರ ಮುಂದೆ ಕರ್ಪೂರ ಹಚ್ಚಿ, ಉರಿಯನ್ನು ಅಂಗೈಯಿಂದ ಬಡಿದು ಆರಿಸು ಎಂದು ಅನುಮಾನ ಬಂದವರಿಂದ ಆಣೆ ಮಾಡಿಸುತ್ತಿದ್ದರು. ಸುಳ್ಳು ಆಣೆ ಮಾಡಿದರೆ ಮನೆ ಹಾಳು ಎಂಬ ಹೆದರಿಕೆ ಎಲ್ಲರಿಗೂ ಇತ್ತು. ನಾನೂ ಅದನ್ನೇ ಹಿಡಿದೆ. ಡಬ್ಬಿಯವರು ಬಂದರೆ ತಟ್ಟೆಯಲ್ಲಿ ಕರ್ಪೂರ ಹಚ್ಚಿಡುತ್ತಿದ್ದೆ.

"ಕಾಯಿಲೆ ನಿಜ ಅಂತ ಆ ಮಗೀನ ಮೇಲೆ ಆಣೆ ಮಾಡಿ ಆರ್ಸು. ಬೀದಿಯೋರೆಲ್ಲ ಕೊಡ್ತೀವಿ."

ಬಂದವರು ಬಂದ ಹಾಗೇ ಜಾಗ ಬಿಟ್ಟರು. ಪಕ್ಕದ ತೆಂಗಿನಕಾಯಿ ಅಂಗಡಿಯವಳು, "ಸ್ಟೇಷನ್ ಯಾಕೆ ಕಣಜ್ಜಿ, ನಿನ್ ತಟ್ಟೆ ಸಾಕು" ಎಂದು ನಗುತ್ತಿದ್ದಳು. ಕೊಡಬೇಕೋ ಬೇಡವೋ ಎಂದು ಬೀದಿಯವರು ನನ್ನ ಮುಖ ನೋಡತೊಡಗಿದರು. ನನಗೂ ಅದು ಹಿತವಾಗಿತ್ತು.

ಆಮೇಲೆ ಒಬ್ಬ ಹೆಂಗಸು ಬಂದಳು. ಮಾಕಳಿ ಕಡೆಯವಳು, ಗಾರ್ಮೆಂಟ್ಸ್ ಕೆಲಸದವಳು. ಮಗಳ ಹಾರ್ಟಿನಲ್ಲಿ ತೂತು ಅಂದಳು. ತಟ್ಟೆ ನೋಡಿ ಹಿಂದೆ ಸರಿದಳು.

"ನನ್ ಮೇಲೆ ಆಣೆ ಮಾಡ್ತೀನಮ್ಮ. ಮಗೀನ ಮೇಲೆ ಬೇಡ."

"ನಿಜ ಆದ್ರೆ ಭಯ ಯಾಕೆ?"

"ನೀವೂ ಹೆತ್ತೋರಲ್ವಾ? ಆಸ್ಪತ್ರೇಲಿ ಮಲಗಿರೋ ಕೂಸಿನ ಹೆಸ್ರಲ್ಲಿ ದೀಪ ಆರ್ಸು ಅಂತೀರಲ್ಲ."

"ಕಳ್ಳಿ, ನಡಿ" ಎಂದೆ. ಬೀದಿಯಲ್ಲಿ ಒಬ್ಬರೂ ಕೊಡಲಿಲ್ಲ. ಅವಳು ತೆಂಗಿನಕಾಯಿ ಅಂಗಡಿಯಲ್ಲಿ ಒಂದು ಕಾಗದ ಇಟ್ಟು, "ಓದಕ್ಕೆ ಬರೋರ ಕೈಲಿ ಓದಿಸ್ಕೊಳ್ಳಿ" ಎಂದು ಹೋದಳು. ಅಂಗಡಿಯವಳು ಅದನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. ಯಾರೂ ಓದಲಿಲ್ಲ.

ಮುಂದಿನ ತಿಂಗಳು ಬಿಳಿ ಅಂಗಿಯವನೊಬ್ಬ ಡಬ್ಬಿ ತಂದ. ನಾನು ಬಾಯಿ ತೆರೆಯುವ ಮೊದಲೇ "ಹಚ್ಚಿ ಅಜ್ಜಿ" ಎಂದ. ಆಣೆ ಮಾಡಿ ಪಟ್ಟನೆ ಆರಿಸಿದ. ಬೀದಿಯವರೆಲ್ಲ ಕೊಟ್ಟರು, ನಾನೂ ಕೊಟ್ಟೆ. ವಾರದೊಳಗೆ ಅವನನ್ನು ಹೆಬ್ಬಾಳದಲ್ಲಿ ಹಿಡಿದರು ಎಂದು ಪೊಲೀಸಿನವನು ಬಂದು ಹೇಳಿದ. ಫೋಟೋದ ಮಗು ಯಾರದೆಂದು ಅವನಿಗೇ ಗೊತ್ತಿರಲಿಲ್ಲವಂತೆ.

ಅವತ್ತು ತೆಂಗಿನಕಾಯಿಯವಳ ಮಗಳಿಂದ ಆ ಕಾಗದ ಓದಿಸಿದೆ. ಆಸ್ಪತ್ರೆಯದೇ. ಆಪರೇಷನ್ನಿಗೆ ಕೊಟ್ಟ ದಿನ ದಾಟಿತ್ತು. ಕೆಳಗಿದ್ದ ನಂಬರಿಗೆ ಫೋನ್ ಮಾಡಿಸಿದೆ.

"ಕೊಡಿಗೇಹಳ್ಳಿ ಹೂವಿನಜ್ಜಿ ಕಣಮ್ಮ. ಬೀದಿಯೋರೆಲ್ಲ ಸೇರಿ ಕೊಡ್ತೀವಿ, ಬಾ."

"ಈಗ್ಯಾತಕ್ಕಮ್ಮ" ಎಂದಳು. "ಮಗು ಹೋಗಿ ಒಂಬತ್ತು ದಿನ ಆಯ್ತು."

ಬೈಯಲಿಲ್ಲ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದೆ.

ಡಬ್ಬಿಯವರು ಈಗಲೂ ಬರುತ್ತಾರೆ. ಬೀದಿಯವರು ಈಗಲೂ ನನ್ನ ಕಡೆ ತಿರುಗುತ್ತಾರೆ. ಯಾರು ನಿಜ, ಯಾರು ಸುಳ್ಳು ಎಂದು ನನಗೆ ತಿಳಿಯುವುದಿಲ್ಲ, ಮೊದಲೂ ತಿಳಿಯುತ್ತಿರಲಿಲ್ಲ. ಕರ್ಪೂರ ಹಚ್ಚದೆ, ತಲೆ ಬಗ್ಗಿಸಿ ಹೂ ಕಟ್ಟುತ್ತೇನೆ. ನಾನು ತಲೆ ಎತ್ತದಿದ್ದರೆ ಬೀದಿಯಲ್ಲಿ ಯಾರೂ ಕೊಡುವುದಿಲ್ಲ.